ಮುಂದಾಳಿನ ನಡತೆಯೇ ಸಂಘದ ಬಂಡವಾಳ



ಈ ಪುಟದಲ್ಲಿ ನಾನು ತಮಗೆ ಬೀಜೋಪಚಾರ, ಸುಳಿ ಕೊರೆಯುವ ಹುಳು, ಕುಳೆ ಕಬ್ಬಿನ ಆರೈಕೆ, ಯೂರಿಯಾ ಹಾಕುವ ಹದ, ಇಂಥವುಗಳನ್ನೇ ಬರೆಯುತ್ತ ಬಂದಿದ್ದೇನೆ. ಈ ಸಂಚಿಕೆಯಲ್ಲಿ ಬೇರೆಯದೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ನಮ್ಮಂಥ ಸಹಕಾರಿ ಸಂಸ್ಥೆಯಲ್ಲಿ ಮುಂದೆ ನಿಲ್ಲುವವರ ನಡತೆ ಹೇಗಿರಬೇಕು, ಅದು ಕೆಟ್ಟರೆ ನಷ್ಟ ಯಾರ ಹೊಲದಲ್ಲಿ ಬೀಳುತ್ತದೆ ಎಂಬುದೇ ಆ ವಿಷಯ. ಕಬ್ಬು ಅಭಿವೃದ್ಧಿ ಅಧಿಕಾರಿಗೆ ಈ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಕೇಳಬೇಕಾದದ್ದೇ. ನಾನು ಸಂಬಳದ ನೌಕರ. ಆಡಳಿತ ಮಂಡಳಿಯ ಚುನಾವಣೆಯಲ್ಲಿ ನನಗೆ ಮತವಿಲ್ಲ, ಇಂಥವರಿಗೇ ಮತ ಕೊಡಿ ಎಂದು ಹೇಳುವ ಹಕ್ಕೂ ಇಲ್ಲ. ಆದರೆ ಮುಂದಾಳಿನ ನಡತೆಯ ಗುರುತು ಮೊಟ್ಟಮೊದಲು ಮೂಡುವುದು ನಾನು ಕಂಕುಳಲ್ಲಿ ಇಟ್ಟುಕೊಂಡು ತಿರುಗುವ ಕಬ್ಬು ನೋಂದಣಿ ಪುಸ್ತಕದಲ್ಲಿ. ಆದ್ದರಿಂದ ನಾನು ಕಂಡದ್ದನ್ನು ಹೇಳಲು ನನಗೆ ಅಷ್ಟು ಅಧಿಕಾರವುಂಟು ಎಂದು ಭಾವಿಸಿದ್ದೇನೆ.

ಈ ಮಾತು ನನ್ನ ತಲೆಯಲ್ಲಿ ಹೊಕ್ಕದ್ದು ಈ ವರ್ಷದ ವಿಜಯದಶಮಿಯ ದಿನ. ನನ್ನ ಊರು ಮದ್ದಿಕೇರ. ಆ ದಿನ ನಮ್ಮೂರಲ್ಲಿ ಹಳೆಯ ಪಾಳೆಯಗಾರರ ಮನೆತನದವರು ಕುದುರೆ ಓಡಿಸುತ್ತಾರೆ. ಸುತ್ತಲ ಹಳ್ಳಿಯವರೆಲ್ಲ ನೋಡಲು ಸೇರುತ್ತಾರೆ, ಗೆದ್ದ ಮನೆಯವರಿಗೆ ಆ ವರ್ಷವೆಲ್ಲ ಹೆಸರು. ನಾನೂ ರಜೆ ಹಾಕಿ ಹೋಗಿದ್ದೆ. ಕುದುರೆ ಬಂದು ಮುಟ್ಟಿ, ಜನ ಚದುರಿದ ಮೇಲೆ, ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ ನನ್ನ ತಮ್ಮ ಪಕ್ಕಕ್ಕೆ ಬಂದು ಕೂತ. ಅವನದು ಶೇಂಗಾ ಹೊಲದ ನಡುವೆ ಬೋರಿನ ನೀರಿಗೆ ಹಚ್ಚಿದ ಎರಡು ಎಕರೆ ಕಬ್ಬು.

“ಅಣ್ಣಾ, ನನ್ನ ಎರಡು ಎಕರೆ ಶುರುವಿನಾಗ ಕಡಿಸಿಬಿಡು. ಹುಡುಗಿ ಮದಿವಿ ಐತಿ, ರೊಕ್ಕ ಬೇಕು.”

“ನಾಟಿ ಯಾವಾಗ ಮಾಡಿದಿ?”

“ಫೆಬ್ರವರಿ ಕಡೀಗೆ. ನಿನಗ ಗೊತ್ತೈತಲ್ಲ, ನೀನ ಬರಕೊಂಡಿ.”

ಹೌದು, ನಾನೇ ಬರೆದುಕೊಂಡಿದ್ದೆ. ಆ ಲೆಕ್ಕಕ್ಕೆ ಅವನ ಸರದಿ ಬರುವುದು ಜನವರಿ ಮುಗಿಯುವ ಹೊತ್ತಿಗೆ. ನವೆಂಬರಿನಲ್ಲಿ ಕಡಿಸಿದರೆ ಅದು ಒಂಬತ್ತು ತಿಂಗಳ ಕಬ್ಬು, ಇನ್ನೂ ಹಸಿ. ಇಲ್ಲ ಎಂದೆ. ಅವನು ಒಂದು ಮಾತು ಅಂದ: “ಊರವರಿಗೆಲ್ಲ ನೀನು ಆಫೀಸರು. ನನಗ ಏನಾಗಿ ಬಂದಿ?”

ನನ್ನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಮರುವಾರ ನೌಕರರ ಪತ್ತಿನ ಸಂಘದಲ್ಲಿ ನನ್ನ ಹೆಸರಿನಲ್ಲಿ ಸಾಲ ತೆಗೆದು ಅವನ ಕೈಗೆ ಕೊಟ್ಟೆ. ರೊಕ್ಕ ತೆಗೆದುಕೊಂಡ, ಮಾತು ಬಿಟ್ಟ. ಈ ಲೇಖನ ಬರೆಯುತ್ತಿರುವ ದಿನದವರೆಗೂ ಬಿಟ್ಟೇ ಇದ್ದಾನೆ.

ಮನೆಯ ಮಾತು ಬುಲೆಟಿನ್ನಿನಲ್ಲಿ ಏಕೆ ಎನ್ನಬೇಡಿ. ತಮ್ಮಲ್ಲಿ ಯಾರೇ ನಾಳೆ ನಿರ್ದೇಶಕರಾದರೂ ಹೀಗೆ ಕಟ್ಟೆಯ ಮೇಲೆ ಪಕ್ಕಕ್ಕೆ ಬಂದು ಕೂಡುವವರು ಇದ್ದೇ ಇರುತ್ತಾರೆ. ವೈರಿಗಳು ಹಾಗೆ ಬಂದು ಕೂಡುವುದಿಲ್ಲ. ತಮ್ಮ, ಭಾವ, ಬೀಗ, ಒಂದೇ ಓಣಿಯವರು, ಮತ ಹಾಕಿದವರು ಬರುತ್ತಾರೆ, ಅವರ ಕಷ್ಟ ನಿಜವಾದದ್ದೇ ಆಗಿರುತ್ತದೆ. ಲಂಚ ಕೊಡಲು ಬಂದವನನ್ನು ಗದರಿಸಿ ಕಳಿಸುವುದು ಸುಲಭ. ನಮ್ಮವನಿಗೆ ಇಲ್ಲ ಎನ್ನುವುದು ಕಠಿಣ. ಮುಂದಾಳಿನ ಶೀಲ ಎಂದು ದೊಡ್ಡ ಮಾತಿನಲ್ಲಿ ಹೇಳುವುದು ನಿಜವಾಗಿ ಪರೀಕ್ಷೆಗೆ ಬರುವ ಜಾಗ ಅದೊಂದೇ ಎಂಬುದು ನನ್ನ ಅಭಿಪ್ರಾಯ.

ಸಹಕಾರ ಚಳವಳಿಯ ಮೂಲವನ್ನು ನೋಡಿದರೂ ಇದೇ ಮಾತು ಸಿಗುತ್ತದೆ. ಜರ್ಮನಿಯಲ್ಲಿ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸೆನ್ ಎಂಬ ಗ್ರಾಮಾಧಿಕಾರಿ ಇದ್ದ. ಹುಟ್ಟಿದ್ದು 1818ರಲ್ಲಿ, ತೀರಿದ್ದು 1888ರಲ್ಲಿ. 1846-47ರ ಕ್ಷಾಮದಲ್ಲಿ ತನ್ನ ಹಳ್ಳಿಯ ಬಡವರಿಗೆ ಹಿಟ್ಟು, ರೊಟ್ಟಿ ಉದ್ದರಿ ಸಿಗುವ ವ್ಯವಸ್ಥೆ ಮಾಡಿದ. ಮೊದಲು ಉಳ್ಳವರ ದಾನದಿಂದ ಕೆಲಸ ನಡೆಸಿದ. ದಾನ ಬಹಳ ದಿನ ನಡೆಯುವುದಿಲ್ಲ, ಸಾಲ ಬೇಕಾದವರೇ ಸಂಘದ ಯಜಮಾನರಾಗಬೇಕು ಎಂದು ಅನುಭವದಿಂದ ಕಂಡುಕೊಂಡ. 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ ಆ ರೀತಿಯ ಸಾಲದ ಸಂಘ ಕಟ್ಟಿದ. ಅವನ ಸಂಘಗಳ ನಿಯಮಗಳನ್ನು ಗಮನಿಸಿರಿ. ಸಂಘದ ವ್ಯಾಪ್ತಿ ಚಿಕ್ಕದಿರಬೇಕು, ಎಲ್ಲರಿಗೂ ಎಲ್ಲರ ಪರಿಚಯವಿರಬೇಕು. ಲೆಕ್ಕ ಬರೆಯುವವನಿಗೆ ಮಾತ್ರ ಸಂಬಳ, ಆಡಳಿತ ನಡೆಸುವವರಿಗೆ ಸಂಬಳವಿಲ್ಲ. ಒಬ್ಬ ಸಾಲ ತೀರಿಸದಿದ್ದರೆ ಎಲ್ಲ ಸದಸ್ಯರ ಆಸ್ತಿಯೂ ಅದಕ್ಕೆ ಹೊಣೆ. ಅಡವಿಡಲು ಚಿನ್ನವಿಲ್ಲದ, ಭೂಮಿ ಕಡಿಮೆಯಿದ್ದ ಜನ ಅವರು. ಆದ್ದರಿಂದ ಸಾಲಕ್ಕೆ ಅಡವಾಗಿ ನಿಂತದ್ದು ಮನುಷ್ಯನ ನಡತೆ. ಇವನು ಕುಡಿಯುತ್ತಾನೆಯೇ, ದುಡಿಯುತ್ತಾನೆಯೇ, ಹೇಳಿದ ದಿನಕ್ಕೆ ಕೊಡುತ್ತಾನೆಯೇ ಎಂದು ನೆರೆಯವರು ಕೂತು ತೀರ್ಮಾನಿಸುತ್ತಿದ್ದರು. ಪಕ್ಕದ ಮನೆಯವನಿಗೆ ಮುಖ ನೋಡಿಕೊಂಡೇ ನಿನಗೆ ಸಾಲವಿಲ್ಲ ಎನ್ನಬೇಕು. ಹಾಗೆ ಹೇಳಲಾಗದವರು ಆ ಸಮಿತಿಯಲ್ಲಿ ಕೂತರೆ ಇಡೀ ಊರಿನ ಹೊಲ ಹರಾಜಿಗೆ ಬರುತ್ತಿತ್ತು.

ಈ ವಿಚಾರ ನಮ್ಮ ದೇಶಕ್ಕೆ ಬಂದ ದಾರಿಯಲ್ಲಿ ನಮ್ಮ ಸೀಮೆಗೂ ಪಾಲುಂಟು. ಆಗ ಕರ್ನೂಲು ಜಿಲ್ಲೆಯೂ, ಆದೋನಿ ಮತ್ತು ಆಲೂರು ಸೇರಿದ್ದ ಬಳ್ಳಾರಿ ಜಿಲ್ಲೆಯೂ ಮದ್ರಾಸು ಪ್ರಾಂತಕ್ಕೆ ಸೇರಿದ್ದವು. ರೈತರ ಸಾಲದ ಪ್ರಶ್ನೆಯನ್ನು ಅಧ್ಯಯನ ಮಾಡಲು ಮದ್ರಾಸು ಸರ್ಕಾರ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ನೇಮಿಸಿತು. ಅವನು 1895 ಮತ್ತು 1897ರಲ್ಲಿ ಎರಡು ಸಂಪುಟಗಳ ವರದಿ ಕೊಟ್ಟ. ಅಷ್ಟು ದೊಡ್ಡ ವರದಿಯ ತಿರುಳನ್ನು ಅವನೇ ಎರಡು ಪದಗಳಲ್ಲಿ ಹೇಳಿಬಿಟ್ಟಿದ್ದಾನೆ. ಕಾನೂನು ಮಾಡಿ, ಹಣ ಕೊಡಿ, ಅದೆಲ್ಲ ಆಮೇಲೆ; ಮೊದಲು ಹಳ್ಳಿಯಲ್ಲಿ ಒಬ್ಬ ರೈಫೈಸೆನ್‌ನನ್ನು ಹುಡುಕಿ ತೆಗೆಯಿರಿ ಎಂಬುದು ಅದರ ಅರ್ಥ. ಆ ಅಧಿಕಾರಿ ಕೊನೆಗೆ ಮನುಷ್ಯನ ಮೇಲೆ ಬಂದು ನಿಂತದ್ದು ನನಗೆ ಇಂದಿಗೂ ಸೋಜಿಗ.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಹತ್ತು ಜನ ಸೇರಿದರೆ ಸಂಘ ಮಾಡಬಹುದು, ಹಳ್ಳಿಯ ಸಂಘವಾದರೆ ಹೊಣೆಗೆ ಮಿತಿಯಿಲ್ಲ ಎಂದು ಅದರಲ್ಲಿತ್ತು. ಮರುವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘ ಸ್ಥಾಪಿಸಿದರು. ದೇಶದಲ್ಲಿ ಆ ಕಾಯಿದೆಯಡಿ ಹುಟ್ಟಿದ ಮೊದಮೊದಲ ಕೃಷಿ ಪತ್ತಿನ ಸಂಘಗಳಲ್ಲಿ ಅದೂ ಒಂದು. ಅಂದಿನ ರೈತನ ಮನಸ್ಸನ್ನು ಸ್ವಲ್ಪ ಊಹಿಸಿಕೊಳ್ಳಿ. ಸರ್ಕಾರದ ಯಾವುದೋ ಹೊಸ ಕಾಗದ, ಅದರ ಮೇಲೆ ಹೆಬ್ಬೆಟ್ಟು ಒತ್ತಿದರೆ ನೆರೆಯವನ ಸಾಲಕ್ಕೆ ತನ್ನ ಹೊಲ ಸಿಕ್ಕಿಕೊಳ್ಳುತ್ತದೆ. ಯಾವ ಧೈರ್ಯದ ಮೇಲೆ ಒತ್ತಬೇಕು? ಕಾಯಿದೆಯನ್ನು ಓದಿ ತಿಳಿದು ಒತ್ತಿದವರು ಎಷ್ಟು ಮಂದಿ ಇದ್ದಾರು! ಗೌಡರು ಮುಂದೆ ನಿಂತಿದ್ದಾರೆ, ಅವರು ಮೋಸ ಮಾಡುವವರಲ್ಲ ಎಂಬ ನಂಬಿಕೆಯೇ ಅವರಿಗೆ ಆಧಾರವಾಗಿದ್ದಿರಬೇಕು.

ಇಲ್ಲಿ ಒಂದು ಮಾತಿನ ವಿಚಾರ. ಕನ್ನಡದಲ್ಲಿ ನಾವು ನಡತೆ ಎನ್ನುತ್ತೇವೆ, ನಮ್ಮ ನೆರೆಯ ತೆಲುಗರು ನಡತ ಎನ್ನುತ್ತಾರೆ. ಎರಡೂ ನಡೆಯುವುದರಿಂದ ಬಂದವು. ಮನುಷ್ಯನ ಒಳಗೆ ಏನಿದೆ ಎಂದು ಯಾರಿಗೂ ಕಾಣದು, ಅವನು ಹೇಗೆ ನಡೆದ ಎಂಬುದು ಊರಿಗೆಲ್ಲ ಕಾಣುತ್ತದೆ. ಮುಂದಾಳು ಎಂಬ ಪದದಲ್ಲಿ ಆಳು ಇದ್ದಾನೆ. ಆಳು ಎಂದರೆ ರಾಜ್ಯ ಆಳುವುದೂ ಹೌದು, ಕೂಲಿಯ ಆಳೂ ಹೌದು. ಯಾವ ಅರ್ಥ ಹಿಡಿದರು ಎಂಬುದು ಅವರವರ ನಡತೆಯಿಂದ ತಿಳಿಯುತ್ತದೆ.

ಗದಗ ದೂರವಾಯಿತು ಎನ್ನುವವರು ಎಮ್ಮಿಗನೂರಿಗೆ ಹೋಗಿ ನೋಡಬಹುದು. ಅಲ್ಲಿ 1938ರಲ್ಲಿ ಮಾಚಾನಿ ಸೋಮಪ್ಪನವರು ನೇಕಾರರ ಸಹಕಾರ ಸಂಘ ಕಟ್ಟಿದರು. ಕೈಮಗ್ಗದವರ ಸ್ಥಿತಿ ತಮಗೆ ಗೊತ್ತು. ನೂಲು ಕೊಡುವವನೂ ಸಾಹುಕಾರ, ಸೀರೆ ಕೊಳ್ಳುವವನೂ ಅದೇ ಸಾಹುಕಾರ, ನಡುವೆ ಸಾಲದ ಪುಸ್ತಕವೂ ಅವನದೇ. ಬಾಯಿಗೂ ಹೊಟ್ಟೆಗೂ ಅವನೇ ಯಜಮಾನನಾದಾಗ ನೇಕಾರನ ದುಡಿಮೆಯ ಬೆಲೆ ಹೇಳುವವರು ಯಾರು? ನೂಲು ತರುವುದೂ, ಬಟ್ಟೆ ಮಾರುವುದೂ ಸಂಘದ ಕೈಗೆ ಬಂದ ಮೇಲೆ ಆ ಹಿಡಿತ ಸಡಿಲವಾಯಿತು. ಸೋಮಪ್ಪನವರಿಗೆ ಸರ್ಕಾರ ಪದ್ಮಶ್ರೀ ಕೊಟ್ಟಿತು. ನನಗೆ ಮುಖ್ಯವಾಗಿ ಕಾಣುವುದು ಬೇರೆ. ನೂಲಿನ ಗೋದಾಮು, ಬಟ್ಟೆಯ ಅಳತೆ, ಕೂಲಿಯ ದರ, ಮೂರೂ ಕೈಯಾಡಿಸಲು ಬಹಳ ಅನುಕೂಲವಾದ ಜಾಗಗಳು. ಅಲ್ಲಿ ಕೈಯಾಡಿಸುವವರೇ ಕೂತಿದ್ದರೆ ನೇಕಾರರು ಮತ್ತೆ ಸಾಹುಕಾರನ ಬಾಗಿಲಿಗೇ ಹೋಗುತ್ತಿದ್ದರು.

ನಮ್ಮ ಸಕ್ಕರೆ ಉದ್ದಿಮೆಯಲ್ಲಿಯೇ ಒಂದು ಉದಾಹರಣೆ ಹೇಳಿ ಮುಂದೆ ಹೋಗುತ್ತೇನೆ. ಮಹಾರಾಷ್ಟ್ರದ ಅಂದಿನ ಅಹಮದ್‌ನಗರ ಜಿಲ್ಲೆಯ ಲೋಣಿಯಲ್ಲಿ ವಿಠ್ಠಲರಾವ್ ವಿಖೆ ಪಾಟೀಲರು ಹಳ್ಳಿಹಳ್ಳಿ ತಿರುಗಿ ರೈತರಿಂದ ಷೇರು ಹಣ ಕೂಡಿಸಿ ಪ್ರವರಾ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದರು. 1950ರ ಸುಮಾರಿಗೆ ಅದು ಕಬ್ಬು ನುರಿಸತೊಡಗಿತು. ಬೆವರು ಸುರಿಸಿದವರು ಅವರು, ಅಧ್ಯಕ್ಷ ಪೀಠದಲ್ಲಿ ಕೂಡುವ ಹಕ್ಕೂ ಅವರಿಗೇ ಇತ್ತು. ಆದರೆ ಮೊದಲ ಅಧ್ಯಕ್ಷರಾದವರು ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡ್ಗೀಳರು. ತಾನು ಕಟ್ಟಿದ ಮನೆಯ ತಲೆಬಾಗಿಲಲ್ಲಿ ಇನ್ನೊಬ್ಬರನ್ನು ಕೂರಿಸುವುದು ಎಲ್ಲರಿಂದ ಆಗುವ ಕೆಲಸವಲ್ಲ.

ಇನ್ನು ನಮ್ಮ ಜಿಲ್ಲೆಯವರೇ ಆದ ದಾಮೋದರಂ ಸಂಜೀವಯ್ಯನವರನ್ನು ನೆನೆಯದೆ ಈ ವಿಷಯ ಪೂರ್ತಿಯಾಗದು. ಕರ್ನೂಲಿನ ಬಳಿಯ ಪೆದ್ದಪಾಡಿನಲ್ಲಿ 1921ರ ಫೆಬ್ರವರಿ 14ರಂದು ಹುಟ್ಟಿದರು. ದಲಿತ ಕುಟುಂಬ, ಸ್ವಂತ ಭೂಮಿಯಿಲ್ಲ, ಹುಟ್ಟಿದ ಕೆಲವೇ ದಿನಗಳಲ್ಲಿ ತಂದೆ ತೀರಿಕೊಂಡರು. ಸೋದರಮಾವನ ಆಶ್ರಯದಲ್ಲಿ ಬೆಳೆದು, ಕರ್ನೂಲು, ಅನಂತಪುರಗಳಲ್ಲಿ ಓದಿ, ಮದ್ರಾಸಿನಲ್ಲಿ ವಕೀಲಿ ಪರೀಕ್ಷೆ ಮುಗಿಸಿದರು. 1960ರ ಜನವರಿಯಲ್ಲಿ ಆಂಧ್ರ ಪ್ರದೇಶದ ಮುಖ್ಯಮಂತ್ರಿಯಾದಾಗ ಅವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ದೇಶದ ಮೊದಲ ದಲಿತ ಮುಖ್ಯಮಂತ್ರಿ ಅವರು. 1962ರ ಮಾರ್ಚ್‌ವರೆಗೆ, ಎರಡು ವರ್ಷಕ್ಕೆ ಸ್ವಲ್ಪ ಹೆಚ್ಚು ಕಾಲ, ಆ ಸ್ಥಾನದಲ್ಲಿದ್ದರು. ಅಷ್ಟರಲ್ಲಿ ಮುದುಕರಿಗೆ ವೃದ್ಧಾಪ್ಯ ವೇತನ ಬಂತು, ಭೂಮಿಯಿಲ್ಲದವರಿಗೆ ಸರ್ಕಾರಿ ಬಂಜರು ಹಂಚಿಕೆಯಾಯಿತು. 1961ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಸ್ಥಾಪನೆಯಾದದ್ದೂ ಅವರ ಕಾಲದಲ್ಲೇ. ಆಳುವವನು ತನ್ನ ಕೈಕೆಳಗಿನವರನ್ನೂ ಜೊತೆಯವರನ್ನೂ ಹಿಡಿಯಬಲ್ಲ ಬಲೆಯನ್ನು ತಾನೇ ನೇಯಿಸುವುದೆಂದರೆ, ಆ ಬಲೆ ತನ್ನ ಕಾಲಿಗೆ ತೊಡರುವುದಿಲ್ಲ ಎಂಬ ಭರವಸೆ ಅವನಿಗೆ ಇರಬೇಕು.

ಅವರ ವಿಷಯ ನಮ್ಮ ಕಡೆ ಒಂದು ಕಥೆ ಹೇಳುತ್ತಾರೆ. ಸಂಜೀವಯ್ಯ ಬಹಳ ಆಸ್ತಿ ಮಾಡಿದ್ದಾರೆ ಎಂದು ಯಾರೋ ದೆಹಲಿಗೆ ಚಾಡಿ ಹೇಳಿದರಂತೆ. ವಿಚಾರಿಸಲು ಬಂದವರು ಊರಿಗೆ ಹೋಗಿ ನೋಡಿದರೆ, ಮುಖ್ಯಮಂತ್ರಿಯ ತಾಯಿ ಗುಡಿಸಲ ಮುಂದೆ ಕಟ್ಟಿಗೆ ಒಲೆಯ ಹೊಗೆಯಲ್ಲಿ ಮಣ್ಣಿನ ಗಡಿಗೆಯಲ್ಲಿ ಅನ್ನ ಬೇಯಿಸುತ್ತಿದ್ದರಂತೆ. ಕಥೆ ಎಂದೇ ಇಟ್ಟುಕೊಳ್ಳಿ. ಇಂಥ ಕಥೆ ಎಲ್ಲ ಮಂತ್ರಿಗಳ ಮೇಲೂ ಹುಟ್ಟುವುದಿಲ್ಲ. 1972ರ ಮೇ 7ರಂದು ತೀರಿಕೊಂಡಾಗ ಹೇಳಿಕೊಳ್ಳುವಂಥ ಆಸ್ತಿಯನ್ನು ಅವರು ಬಿಟ್ಟು ಹೋಗಲಿಲ್ಲ. ಹಂದ್ರಿ ನದಿಗೆ ಕಟ್ಟಿದ ಗಾಜುಲದಿನ್ನೆ ಜಲಾಶಯಕ್ಕೆ ಇಂದು ಸಂಜೀವಯ್ಯ ಸಾಗರ ಎಂಬ ಹೆಸರಿದೆ. ಒಣಭೂಮಿಯ ನಮ್ಮ ಸೀಮೆಯಲ್ಲಿ ನೀರಿಗೆ ಹೆಸರಿಡುವುದು ಹುಡುಗಾಟದ ಮಾತಲ್ಲ.

ದೊಡ್ಡವರ ಮಾತು ಸಾಕು. ಈಗ ನನ್ನದೇ ತಪ್ಪೊಂದನ್ನು ಹೇಳಬೇಕು. ಕೃಷಿ ಪದವಿ ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಬೇರೆ ಕಡೆಯ ಒಂದು ಕಾರ್ಖಾನೆಯಲ್ಲಿ, ಕ್ಷೇತ್ರ ಸಹಾಯಕನಾಗಿ. ಎರಡನೆಯ ಹಂಗಾಮಿನಲ್ಲಿ ಒಬ್ಬ ನಿರ್ದೇಶಕರಿಂದ ಮಾತು ಬಂತು. ಅವರ ಹತ್ತು ಎಕರೆಯ ನಾಟಿ ದಿನಾಂಕವನ್ನು ಒಂದು ತಿಂಗಳು ಹಿಂದಕ್ಕೆ ಬರೆದುಬಿಡು ಎಂದು. ಮೇಲಧಿಕಾರಿ ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಬರೆದೆ. ಒಂದು ಅಂಕಿ ತಿದ್ದುವುದು, ಅಷ್ಟೇ ಕೆಲಸ. ಕೈ ನಡುಗಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ನಡುಗಲಿಲ್ಲ.

ಆ ಒಂದು ಅಂಕಿ ಏನು ಮಾಡಿತು ಎಂಬ ಲೆಕ್ಕ ಹೇಳುತ್ತೇನೆ, ತಾವೂ ಬೆರಳು ಮಡಚಿ ಎಣಿಸಿ. ಹತ್ತು ಎಕರೆಗೆ ಎಕರೆಗೆ 40 ಟನ್ನಿನಂತೆ 400 ಟನ್ನು ಕಬ್ಬು. ಒಂದು ಗ್ಯಾಂಗು ದಿನಕ್ಕೆ 20 ಟನ್ನು ಕಡಿದು ತುಂಬುತ್ತದೆ ಎಂದಿಟ್ಟುಕೊಳ್ಳಿ. 20 ದಿನ ಆ ಗ್ಯಾಂಗು ಅಲ್ಲಿಯೇ. ಅವರ ಹಿಂದೆ ಸರದಿಯಲ್ಲಿದ್ದ ಪ್ರತಿಯೊಬ್ಬ ರೈತನೂ 20 ದಿನ ಹಿಂದಕ್ಕೆ ಹೋದ. ಫೆಬ್ರವರಿ ಮೊದಲ ವಾರದಲ್ಲಿ ಕಡಿಯಬೇಕಾದ ಕಬ್ಬು ಫೆಬ್ರವರಿ ಮುಗಿಯುವವರೆಗೆ ನಿಂತಿತು, ಮಾರ್ಚಿನದು ಬಿರುಬೇಸಿಗೆಗೆ ಸಿಕ್ಕಿತು. ನಿಂತ ಕಬ್ಬಿಗೆ ಮತ್ತೆರಡು ನೀರು ಕೊಡಬೇಕು. ಬಾವಿಯಲ್ಲಿ ನೀರಿಲ್ಲದವನ ಕಬ್ಬು ಬೆಂಡಾಗಿ ತೂಕ ಇಳಿಯುತ್ತದೆ. ಕಡಿಯುವವರು ಬಿಸಿಲು ಹೆಚ್ಚಾಯಿತು, ಮೇಲೆ ಇಷ್ಟು ಕೊಡಿ ಎಂದು ಕೂಡುತ್ತಾರೆ. ಕಡಿದ ಕಬ್ಬು 24 ಗಂಟೆಯೊಳಗೆ ಗಾಣಕ್ಕೆ ಬೀಳಬೇಕು. ಹಂಗಾಮಿನ ಕೊನೆಯ ನೂಕುನುಗ್ಗಲಲ್ಲಿ ಅಂಗಳದಲ್ಲಿ ನಿಂತಷ್ಟು ಹೊತ್ತೂ ತೂಕವೂ ಸಕ್ಕರೆಯೂ ಇಳಿಯುತ್ತ ಹೋಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಕುಳೆಯ ಗತಿ. ತಡವಾಗಿ, ಬೇಸಿಗೆಯಲ್ಲಿ ಕಡಿದ ಹೊಲದ ಬುಡಗಳು ಸರಿಯಾಗಿ ಚಿಗುರುವುದಿಲ್ಲ. ಸಾಲಿನಲ್ಲಿ ಹಲ್ಲು ಬಿದ್ದಂತೆ ತೆರಪು ಬೀಳುತ್ತದೆ. ಅಂದರೆ ಈ ವರ್ಷ ತಿದ್ದಿದ ಅಂಕಿ ಮುಂದಿನ ವರ್ಷದ ಬೆಳೆಯನ್ನೂ ತಿನ್ನುತ್ತದೆ.

ಇತ್ತ ನಿರ್ದೇಶಕರ ಕಬ್ಬೂ ಬಲಿತಿರಲಿಲ್ಲ. ಬಲಿಯದ ಕಬ್ಬು ಗಾಣಕ್ಕೆ ಹೋದರೆ ಸಕ್ಕರೆ ಇಳುವರಿ ತಗ್ಗುತ್ತದೆ. ಸರ್ಕಾರ ಗೊತ್ತುಮಾಡುವ ಕಬ್ಬಿನ ಬೆಲೆ ಕಾರ್ಖಾನೆಯ ಸಕ್ಕರೆ ಇಳುವರಿಯ ಶೇಕಡಾ ಲೆಕ್ಕಕ್ಕೆ ಹೊಂದಿಕೊಂಡಿದೆ ಎಂಬುದು ತಮಗೆ ತಿಳಿದೇ ಇದೆ. ಆದ್ದರಿಂದ ಅವರ ಹಸಿ ಕಬ್ಬಿನ ನಷ್ಟವನ್ನು ಕಬ್ಬು ಬಲಿಯುವವರೆಗೆ ಕಾದ ಎಲ್ಲ ಸದಸ್ಯರೂ ಪಾಲು ಹಾಕಿಕೊಂಡು ಭರಿಸಿದರು. ಯಾರಿಗೂ ಅದು ಗೊತ್ತಾಗಲಿಲ್ಲ.

ಒಬ್ಬರಿಗೆ ಗೊತ್ತಾಯಿತು. ಎರಡೇ ಎಕರೆಯ ಒಬ್ಬ ಅಜ್ಜ. ನಿರ್ದೇಶಕರ ಹೊಲದ ಬದುವಿಗೇ ಅವನ ಹೊಲ. ತನ್ನ ನಾಟಿಯ ಮೇಲೆ ಮೂರು ವಾರ ಕಳೆದು ಪಕ್ಕದಲ್ಲಿ ತುಂಡು ಇಟ್ಟಿದ್ದನ್ನು ಅವನು ಕಣ್ಣಾರೆ ನೋಡಿದ್ದ. ಮಾರ್ಚಿ ತಿಂಗಳ ಒಂದು ಮಧ್ಯಾಹ್ನ ಕಚೇರಿಗೆ ಬಂದ. ಗಲಾಟೆ ಮಾಡಲಿಲ್ಲ. ಎಲೆಅಡಿಕೆಯ ಚೀಲದಿಂದ ಮಡಚಿದ ನೋಂದಣಿ ಚೀಟಿ ತೆಗೆದು ನನ್ನ ಮೇಜಿನ ಮೇಲೆ ಇಟ್ಟು ಕೇಳಿದ: “ಸಾಹೇಬ್ರ, ನನ್ನ ಕಬ್ಬಿಗೆ ನಿಮ್ಮ ಬುಕ್ಕಿನಾಗ ವಯಸ್ಸು ಕಡಿಮಿ ಆತೇನ್ರಿ?”

ನಾನು ಪುಸ್ತಕ ತೆಗೆದು ನೋಡುವಂತೆ ನಟಿಸಿದೆ. ಅವನು ಸ್ವಲ್ಪ ಹೊತ್ತು ನಿಂತಿದ್ದು ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡು ಹೋದ. ಮರುವರ್ಷ ಆ ಎರಡು ಎಕರೆಗೆ ಅವನು ಕಬ್ಬು ಹಚ್ಚಲಿಲ್ಲ, ಜೋಳ ಬಿತ್ತಿದ. ಅವನ ಓಣಿಯ ಇನ್ನೂ ಕೆಲವರು ಕಬ್ಬು ಬಿಟ್ಟರು. ಕಾರ್ಖಾನೆಗೆ ಕಬ್ಬು ಸಾಲದೆ ಬಂದಾಗ ಸಭೆಯಲ್ಲಿ ಮಳೆಯ ಕಾರಣ ಹೇಳಿದರು, ರೋಗದ ಕಾರಣ ಹೇಳಿದರು. ಆ ವರದಿಯನ್ನು ಬರೆದುಕೊಟ್ಟವನೂ ನಾನೇ. ಅದರಲ್ಲಿ ಅಜ್ಜನ ಚೀಟಿಯ ಮಾತು ಇರಲಿಲ್ಲ.

ಸದಸ್ಯ ಬಾಂಧವರೇ, ಇದರಲ್ಲಿ ನಿರ್ದೇಶಕರ ತಪ್ಪು ಇದೆ, ನನ್ನ ತಪ್ಪು ಇದೆ. ತಮ್ಮ ಪಾಲೂ ಸ್ವಲ್ಪ ಇದೆ ಎಂದರೆ ಕೋಪ ಮಾಡಬೇಡಿ. ನಮ್ಮಲ್ಲಿ ಒಳ್ಳೆಯ ಮುಂದಾಳು ಎಂದು ಯಾರನ್ನು ಕರೆಯುತ್ತೇವೆ? ಹೋದಾಗ ನಮ್ಮ ಕೆಲಸ ಮಾಡಿಕೊಟ್ಟವನನ್ನು. ಚೀಟಿ ಬೇಗ ಕೊಡಿಸಿದ, ಬಿತ್ತನೆ ಕಬ್ಬಿನಲ್ಲಿ ನನಗೊಂದು ಗಾಡಿ ಹೆಚ್ಚು ಹಾಕಿಸಿದ, ಬಿಲ್ಲು ಎಲ್ಲರಿಗಿಂತ ಮುಂಚೆ ಮಾಡಿಸಿದ, ಬಹಳ ಒಳ್ಳೆಯ ಮನುಷ್ಯ! ನಿಯಮ ಹೇಳಿ ಹಿಂದಕ್ಕೆ ಕಳಿಸಿದವನನ್ನು ಏನೆನ್ನುತ್ತೇವೆ? ಗರ್ವಿ, ಯಾರಿಗೂ ಆಗದವ, ಗೆದ್ದ ಮೇಲೆ ಗುರುತು ಹಿಡಿಯದವ. ಹೀಗೆ ಮೂರು ವರ್ಷ ಅನ್ನಿಸಿಕೊಂಡವನು ನಾಲ್ಕನೆಯ ವರ್ಷ ಬಾಗುತ್ತಾನೆ. ಮುಂದಾಳುಗಳನ್ನು ಕೆಡಿಸುವವರು ಕಂತ್ರಾಟುದಾರರು ಎಂದು ನಾವು ಹೇಳಿಕೊಳ್ಳುತ್ತೇವೆ. ಕಂತ್ರಾಟುದಾರ ಬರುವುದು ಎರಡನೆಯವನಾಗಿ. ಮೊದಲ ಗುದ್ದಲಿ ಹಾಕುವವರು ನಾವು, ಅದೂ ಪ್ರೀತಿಯಿಂದ.

ಕಬ್ಬಿನ ಬಿಲ್ಲಿನ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಇದು ದೊಡ್ಡವನಿಗೆ ಬೇರೆ, ಚಿಕ್ಕವನಿಗೆ ಬೇರೆ ಅಲ್ಲ. ಹಣ ಸಾಲದ ವರ್ಷದಲ್ಲಿ ಯಾರ ಬಿಲ್ಲು ಮೊದಲು ಪಾಸಾಯಿತು ಎಂಬುದನ್ನು ಲೆಕ್ಕಪತ್ರ ವಿಭಾಗದಲ್ಲಿ ಕೇಳಿ ನೋಡಬಹುದು. ಯಾವ ಸಂಘದಲ್ಲಾದರೂ ಸರಿ, ಆಡಳಿತ ಮಂಡಳಿಯವರ ಬಿಲ್ಲು ಎಲ್ಲರಿಗಿಂತ ಕೊನೆಗೆ ಪಾಸಾಗಿದ್ದರೆ ಅಂಥವರನ್ನು ಸುಲಭವಾಗಿ ಬಿಟ್ಟುಕೊಡಬೇಡಿ.

ಮುಂದಾಳನ್ನು ಅಳೆಯುವುದು ಹೇಗೆ ಎಂದು ಒಬ್ಬ ಯುವಕ ರೈತ ಸಭೆಯಲ್ಲಿ ಕೇಳಿದ. ನನಗೆ ತಿಳಿದ ಮಟ್ಟಿಗೆ ಹೇಳಿದೆ. ಕಬ್ಬು ಬಲಿತದ್ದನ್ನು ಅಳೆಯಲು ನಾವು ಮೇಲಿನ ಗಣ್ಣನ್ನು ಮಾತ್ರ ನೋಡುವುದಿಲ್ಲ, ಬುಡದ ರಸವನ್ನೂ ತುದಿಯ ರಸವನ್ನೂ ಬ್ರಿಕ್ಸ್ ಮೀಟರಿನಲ್ಲಿ ಹಾಕಿ ಹೋಲಿಸುತ್ತೇವೆ. ಎರಡೂ ಹತ್ತಿರ ಬಂದಿದ್ದರೆ ಕಬ್ಬು ಕಡಿಯುವ ಹದಕ್ಕೆ ಬಂದಿದೆ ಎಂದರ್ಥ. ಮನುಷ್ಯನನ್ನೂ ಹಾಗೆಯೇ ನೋಡಬೇಕು. ವೇದಿಕೆಯ ಮೇಲಿನ ಮಾತು ತುದಿಯ ರಸ. ಕೂಲಿಯವರಿಗೆ ಹೇಳಿದ ದಿನ ಕೂಲಿ ಕೊಡುತ್ತಾನೆಯೇ, ತಮ್ಮಂದಿರ ಪಾಲಿನಲ್ಲಿ ಹೇಗೆ ನಡೆದುಕೊಂಡ, ಕಾಲುವೆಯ ನೀರು ತನ್ನ ಪಾಳಿ ಮುಗಿದ ಮೇಲೆ ಬಿಡುತ್ತಾನೆಯೇ, ಪತ್ತಿನ ಸಂಘದ ಸಾಲ ತೀರಿಸಿದ್ದಾನೆಯೇ, ಇದು ಬುಡದ್ದು. ಇದನ್ನು ತಿಳಿಯಲು ಯಾವ ಯಂತ್ರವೂ ಬೇಡ, ಅವನ ಬದುವಿನ ರೈತನನ್ನು ಕೇಳಿದರೆ ಸಾಕು. ಜಾತಿ, ಪಕ್ಷ, ಊಟದ ಪಂಕ್ತಿ, ಜೀಪಿನ ಸಂಖ್ಯೆ ಇವುಗಳಿಂದ ಅಳೆದರೆ ಏನು ಸಿಗುತ್ತದೋ ಅದನ್ನು ತಾವೇ ಬಲ್ಲಿರಿ.

ಆ ಯುವಕ ಬಿಡಲಿಲ್ಲ. “ನಡತೆ ಒಳ್ಳೇದಿದ್ದು ಕೆಲಸ ಬರದವರು ಇರ್ತಾರಲ್ರೀ, ಅವರನ್ನ ಏನ್ ಮಾಡೋದು?” ಎಂದ. ಸರಿಯಾದ ಪ್ರಶ್ನೆ. ಲೆಕ್ಕ ಓದಲು ಬಾರದ ಸಜ್ಜನನನ್ನು ಕೂರಿಸಿ ಅವನ ಹಿಂದೆ ಬೇರೆಯವರು ಆಡಳಿತ ನಡೆಸಿದ್ದನ್ನೂ ನಾನು ಕಂಡಿದ್ದೇನೆ. ನಡತೆ ಅಡಿಪಾಯ, ಅಡಿಪಾಯವೇ ಮನೆಯಲ್ಲ. ಜಮಾಖರ್ಚು ತಿಳಿಯಬೇಕು, ಕಾರ್ಖಾನೆಯ ಯಂತ್ರ ಎಷ್ಟು ನುರಿಸಬಲ್ಲುದು ಎಂದು ತಿಳಿಯಬೇಕು, ಅಧಿಕಾರಿಗಳಾದ ನಮ್ಮನ್ನು ಪ್ರಶ್ನೆ ಕೇಳುವ ಧೈರ್ಯ ಬೇಕು. ಬಾರದ್ದನ್ನು ಕಲಿಸಲು ಸಹಕಾರ ತರಬೇತಿ ಇದೆ, ನಾವಿದ್ದೇವೆ. ಆದರೆ ತಮ್ಮನಿಗೆ ಇಲ್ಲ ಎನ್ನುವುದನ್ನು ಕಲಿಸುವ ತರಬೇತಿ ಎಲ್ಲೂ ನಡೆಯುವುದಿಲ್ಲ. ನನಗೇ ಅದನ್ನು ಕಲಿಯಲು ಇಪ್ಪತ್ತು ವರ್ಷ ಹಿಡಿಯಿತು, ಕಲಿತೆನೆಂದು ಈಗಲೂ ಧೈರ್ಯವಾಗಿ ಹೇಳಲಾರೆ. ಆ ದಿನ ಕಟ್ಟೆಯ ಮೇಲೆ ನಾನು ಇಲ್ಲ ಎಂದದ್ದು ಅಜ್ಜನ ಚೀಟಿ ಕಣ್ಣಮುಂದೆ ಬಂದದ್ದರಿಂದ.

ಈ ಹಂಗಾಮಿಗೆ ಒಂದು ವ್ಯವಸ್ಥೆ ಮಾಡಿದ್ದೇವೆ. ನುರಿಸುವಿಕೆ ಆರಂಭವಾಗುವ ಮೊದಲೇ ಪ್ರತಿ ಊರಿನ ಕಬ್ಬು ನೋಂದಣಿ ಪಟ್ಟಿಯನ್ನು, ಸದಸ್ಯರ ಹೆಸರು, ಸರ್ವೆ ನಂಬರು, ತಳಿ, ನಾಟಿ ದಿನಾಂಕ, ಕಟಾವಿನ ಸರದಿ ಸಮೇತ, ಊರ ಚಾವಡಿಯಲ್ಲಿ ಹಚ್ಚಲಾಗುವುದು. ನಿರ್ದೇಶಕರು, ಅವರ ಮನೆಯವರು, ಕಾರ್ಖಾನೆಯ ನೌಕರರ ಮನೆಯವರು, ಇವರ ಹೆಸರಿನ ಮುಂದೆ ಕೆಂಪು ಶಾಯಿಯ ಗುರುತು ಇರುತ್ತದೆ. ಮೊದಲು ಆ ಗುರುತಿನವನ್ನು ನೋಡಿ, ಆಮೇಲೆ ತಮ್ಮದನ್ನು ನೋಡಿಕೊಳ್ಳಿ. ಬದುವಿನ ಹೊಲದ ನಾಟಿ ಯಾವಾಗ ಆಯಿತು ಎಂಬುದು ನನ್ನ ಪುಸ್ತಕಕ್ಕಿಂತ ತಮಗೆ ಚೆನ್ನಾಗಿ ಗೊತ್ತಿರುತ್ತದೆ. ತಪ್ಪು ಕಂಡರೆ ಹದಿನೈದು ದಿನದೊಳಗೆ ಬರೆದು ಕೊಡಿ. ಬರೆಯಲು ಬಾರದವರು ಬಂದು ಹೇಳಿದರೆ ನಾನೇ ಬರೆದುಕೊಂಡು ಓದಿ ಹೇಳುತ್ತೇನೆ. ಮದ್ದಿಕೇರದ ಪಟ್ಟಿಯಲ್ಲಿ ನನ್ನ ತಮ್ಮನ ಎರಡು ಎಕರೆಗೂ ಕೆಂಪು ಗುರುತಿದೆ, ಸರದಿ ಜನವರಿಯ ಕೊನೆಯ ವಾರ. ಅದನ್ನೂ ನೋಡಿ.